ನರೇಶನ ಕೊರಳಲ್ಲಿ ಲಿಂಗರಾಜನ ಲಿಂಗ

ನಾರಾಯಣಖೇಡದ ಬಸ್ ನಿಲ್ದಾಣದ ಹಿಂದಿನ ಅಂಗಡಿಯಲ್ಲಿ ನರೇಶ ಸುಟ್ಟ ಪಂಪಿನ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದಾನೆ. ಕಲ್ಹೇರಿನಿಂದ ಬಂದ ರೈತ ಬಕ್ಕಪ್ಪ ಬಾಗಿಲಲ್ಲೇ ನಿಂತು ಕೆಣಕುತ್ತಾರೆ.

"ಹಿಮಾಲಯ ಹತ್ತಿ ಇಳದು ಬಂದಿ ಅಂತ. ನನ್ನ ಬೋರಿನ ನೀರು ಯಾವಾಗ ಮ್ಯಾಲ ಹತ್ತಸ್ತಿ?"

"ಸಂಜಿಗೆ ಒಯ್ರಿ ಕಾಕಾ" ಎನ್ನುತ್ತಾನೆ ನರೇಶ. ಹಿಮಾಲಯದ ಮಾತನ್ನು ಮುಂದುವರಿಸುವುದಿಲ್ಲ.

ಕಳೆದ ಜೂನಿನಲ್ಲಿ ಅಲ್ಲಿಗೆ ಹೋದವರು ಮೂವರು: ನರೇಶ, ತಾಂಡೂರಿನ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುವ ದೇವಿದಾಸ, ಜಹೀರಾಬಾದಿನಲ್ಲಿ ಬೀಜ–ಗೊಬ್ಬರದ ಅಂಗಡಿ ಇಟ್ಟಿದ್ದ ಲಿಂಗರಾಜ. ಐಟಿಐನಲ್ಲಿ ಒಟ್ಟಿಗೆ ಓದಿದವರು. ಬೈಕುಗಳನ್ನು ರೈಲಿಗೆ ಹಾಕಿ ಚಂಡೀಗಢದಲ್ಲಿ ಇಳಿಸಿಕೊಂಡು, ಮನಾಲಿ ದಾಟಿ ಸ್ಪಿತಿ ಕಣಿವೆಯತ್ತ ಹೊರಟರು. ದೇವದಾರು ಮರಗಳು ಹಿಂದೆ ಉಳಿದ ಮೇಲೆ ಗುಡ್ಡಗಳಲ್ಲಿ ಒಂದು ಗಿಡವೂ ಕಾಣಲಿಲ್ಲ. ಕಂದು ಮಣ್ಣು, ತುದಿಗೆ ಹಿಮ, ರಸ್ತೆಯ ಮೇಲೆಯೇ ಹರಿಯುವ ತಣ್ಣನೆಯ ನೀರು.

ಲಿಂಗಾಯತರ ಮನೆಯ ಲಿಂಗರಾಜ ಕೊರಳಲ್ಲಿದ್ದ ಇಷ್ಟಲಿಂಗವನ್ನು ಬೆಳಿಗ್ಗೆ ಎಡಗೈಯಲ್ಲಿಟ್ಟು ಪೂಜಿಸದೆ ಏನನ್ನೂ ತಿನ್ನುತ್ತಿರಲಿಲ್ಲ. ಗುಡಾರದಲ್ಲೂ ಅದೇ ಕ್ರಮ.

"ನಿನ್ನ ಪೂಜಾ ಮುಗಿಯೋದ್ರಾಗ ಹಿಮಾ ಎಲ್ಲಾ ಕರಗಿ ಹೋಗ್ತದಲೇ" ಎಂದು ದೇವಿದಾಸ ಗೊಣಗುತ್ತಿದ್ದ.

"ಹೋಗಲಿ ಬಿಡು, ರಸ್ತೆ ಸಾಫ್ ಆಗ್ತದ" ಎನ್ನುತ್ತಿದ್ದ ಲಿಂಗರಾಜ.

ಎತ್ತರದ ಕಣಿವೆದಾರಿಯೊಂದನ್ನು ದಾಟಿದ ಮಧ್ಯಾಹ್ನ ಲಿಂಗರಾಜನಿಗೆ ಉಸಿರು ಕಟ್ಟತೊಡಗಿತು. ಮುಂದಿನ ಊರಿನ ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇಗೆಂದು ಕೊರಳಲ್ಲಿದ್ದುದನ್ನು ತೆಗೆಯಲು ಹೇಳಿದರು. ಅವನು ಲಿಂಗವನ್ನು ನರೇಶನ ಕೈಗೆ ಕೊಟ್ಟ.

"ನೆಲಕ್ಕ ಇಡಬ್ಯಾಡ. ಕೊಳ್ಳಾಗ ಹಾಕ್ಕೋ."

ನರೇಶ ಹಾಕಿಕೊಂಡ. ಮರುದಿನ ಬೆಳಿಗ್ಗೆ ಲಿಂಗರಾಜ ತೀರಿಹೋದ.

ದೇಹದೊಂದಿಗೆ ದೇವಿದಾಸ ಹೊರಟ. ಬೈಕುಗಳನ್ನು ಲಾರಿಗೆ ಹೇರಿಸಲು ನರೇಶ ಹಿಂದೆ ಉಳಿದ. ಜಾಕೆಟ್ಟಿನ ಒಳಗಿದ್ದ ಲಿಂಗ ಇಬ್ಬರಿಗೂ ನೆನಪಾಗಲಿಲ್ಲ. ಅದು ನೆನಪಾದಾಗ ಆಂಬುಲೆನ್ಸ್ ಬಹಳ ದೂರ ಹೋಗಿತ್ತು. ಲಿಂಗ ತನ್ನ ಹತ್ತಿರವೇ ಇದೆ ಎಂದು ನರೇಶ ಲಿಂಗರಾಜನ ಮನೆಗೆ ಫೋನು ಮಾಡಿದ.

ಲಿಂಗಾಯತರು ಸತ್ತವರನ್ನು ಸುಡುವುದಿಲ್ಲ. ಎಡಗೈಯಲ್ಲಿ ಲಿಂಗವಿಟ್ಟು, ಕೂತ ಭಂಗಿಯಲ್ಲಿ ಮಣ್ಣು ಮಾಡುತ್ತಾರೆ. ಜಹೀರಾಬಾದಿನಲ್ಲಿ ಕುಣಿ ತೋಡಿಸಿ ಆಗಿತ್ತು, ದೇಹ ಐಸ್ ಪೆಟ್ಟಿಗೆಯಲ್ಲಿತ್ತು. ಬೇರೆ ಲಿಂಗ ಇಟ್ಟು ಮುಗಿಸೋಣ ಎಂದು ದೊಡ್ಡಪ್ಪ ಶಿವಶಂಕರಪ್ಪ ಹೇಳಿದರು. ತಾಯಿ ಸುಮಿತ್ರಾಬಾಯಿ ಒಪ್ಪಲಿಲ್ಲ.

"ಹುಟ್ಟಿದಾಗ ಕಟ್ಟಿದ್ದು ಅದು. ಅದರ ಸಂಗಟನೇ ಕೂಡಸ್ತೀನಿ. ನರೇಶ ತರ್ತಾನ."

ಅವನು ಚಂಡೀಗಢದವರೆಗೆ ಬಸ್ಸಿನಲ್ಲಿ, ಹೈದರಾಬಾದಿಗೆ ವಿಮಾನದಲ್ಲಿ, ಅಲ್ಲಿಂದ ಮತ್ತೆ ಬಸ್ಸಿನಲ್ಲಿ ಬಂದ. ಅಂಗಳದಲ್ಲಿ ನಿಂತು ಅಂಗಿಯ ಗುಂಡಿ ಬಿಚ್ಚುತ್ತಿದ್ದಾಗ ಶಿವಶಂಕರಪ್ಪ ತಡೆದರು.

"ತಡಿ. ಮಾಂಸ ತಿನ್ನೋ ಮನಿ ಹುಡುಗ ಇಂವ. ಲಿಂಗ ಕೊಳ್ಳಾಗ ಇಟಗೊಂಡು ದಾರ್ಯಾಗ ಏನೇನ್ ತಿಂದಾನೋ, ಯಾರ್ ಕಂಡಾರ?"

ಸುಮಿತ್ರಾಬಾಯಿ ನರೇಶನನ್ನೇ ಕೇಳಿದರು.

"ಖರೆ ಹೇಳು ತಮ್ಮಾ. ಏನ್ ತಿಂದಿ?"

"ಏನೂ ತಿಂದಿಲ್ಲವ್ವ. ಪೂಜಾ ಮಾಡ್ಲಾರದ ಅಂವ ಏನೂ ತಿಂತಿರಲಿಲ್ಲ. ನನಗ ಪೂಜಾ ಮಾಡಾಕ ಬರಂಗಿಲ್ಲ. ನೀರು ಕುಡದೀನಿ. ಒಮ್ಮೆ ಚಾ ಕುಡದೀನಿ."

ಶಿವಶಂಕರಪ್ಪ ಹೆಗಲ ಮೇಲಿನ ವಸ್ತ್ರವನ್ನು ಎರಡೂ ಅಂಗೈಗಳ ಮೇಲೆ ಹಾಸಿ ಮುಂದೆ ಚಾಚಿದರು. ನರೇಶ ಲಿಂಗವನ್ನು ಅದರಲ್ಲಿಟ್ಟ. ಮಠದ ಅಯ್ಯನವರು ಅದನ್ನು ತೊಳೆದು, ವಿಭೂತಿ ಹಚ್ಚಿ, ಲಿಂಗರಾಜನ ಎಡಗೈಯಲ್ಲಿಟ್ಟರು. ಮಣ್ಣು ಹಾಕುವ ಸರದಿ ಬಂದಾಗ ಸುಮಿತ್ರಾಬಾಯಿ ನರೇಶನನ್ನು ಹೆಸರು ಹಿಡಿದು ಕರೆದರು. ಸಂಜೆ ಸ್ನಾನ ಮಾಡಿಸಿ, ಅವನ ಊಟ ಮುಗಿಯುವವರೆಗೆ ಎದುರಿಗೇ ಕೂತಿದ್ದರು.

ಬರುವ ಸೋಮವಾರ ಸಮಾಧಿಗೆ ಕಲ್ಲು ಹಾಸುತ್ತಾರೆ. ನರೇಶನಿಗೆ ಬರಹೇಳಿ ಫೋನು ಮಾಡಿದವರು ಶಿವಶಂಕರಪ್ಪ. ಅಂದು ನರೇಶ ಅಂಗಡಿ ತೆರೆಯುವುದಿಲ್ಲ.