ಹವಾನಾಗೆ ನಾವಿಬ್ಬರೇ

ನಮ್ಮವರು ಒಬ್ಬರೂ ಇಲ್ಲದ ಊರು ಬೇಕೆಂದೇ ನಾನು ಕ್ಯೂಬಾದ ಹವಾನಾ ಆರಿಸಿದ್ದೆ, ಸ್ನೇಹಿತರೇ. ಮದುವೆಯಾದ ಇಪ್ಪತ್ತೈದು ವರ್ಷಗಳಲ್ಲಿ ನಾವು ಪ್ರವಾಸವೆಂದು ಹೋದದ್ದೆಲ್ಲ ನೆಂಟರ ಮನೆಗಳಿಗೆ. ಡಲ್ಲಾಸ್‌ನಲ್ಲಿ ನಾನು ನೋಡಿದ್ದು ನಾದಿನಿಯ ಅಡುಗೆಮನೆ, ಲಂಡನ್ನಿನಲ್ಲಿ ಭಾವನವರ ಅಡುಗೆಮನೆ. ಈ ಸಲ ನಾವಿಬ್ಬರೇ ಹಳೆಯ ಕೋಟೆ ನೋಡುವುದು, ಸಂಜೆ ಸಮುದ್ರದಂಚಿನ ಗೋಡೆಯ ಮೇಲೆ ಸುಮ್ಮನೆ ಕೂರುವುದು ಎಂದು ಆರು ತಿಂಗಳಿಂದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ.

ಇಂದು ಮಧ್ಯಾಹ್ನ ಇಲ್ಲೇ ನಮ್ಮೂರಿನ ವಿಲೆಟನ್ ಬಡಾವಣೆಯ ಗೆಳೆಯರ ಮನೆಯಲ್ಲಿ ಬಾರ್ಬೆಕ್ಯೂ. ನನ್ನ ಗಂಡ ತಟ್ಟೆ ಹಿಡಿದುಕೊಂಡೇ ಎಲ್ಲರಿಗೂ ಹೇಳಿದರು, “ಏಪ್ರಿಲ್‌ನಲ್ಲಿ ಹವಾನಾಗೆ ಹೋಗ್ತಿದ್ದೀವಿ, ಯಾರಾದ್ರೂ ಬರ್ತೀರಾ?”

ಐದೇ ನಿಮಿಷದಲ್ಲಿ ಮೂರು ಕುಟುಂಬ ಸೇರಿಕೊಂಡವು. ವಾಟ್ಸ್ಯಾಪ್ ಗ್ರೂಪೂ ಆಯಿತು. ಆ ಮನೆಯಾಕೆ ಕೇಳಿದರು, “ಅಲ್ಲಿ ವೆಜ್ ಏನ್ ಸಿಗತ್ತೆ?”

ನಾನು ಬಾಯಿ ತೆರೆಯುವ ಮೊದಲೇ ನನ್ನವರು, “ಅದಕ್ಕೇನಂತೆ, ಕಿಚನ್ ಇರೋ ದೊಡ್ಡ ಮನೇನೇ ಹಿಡಿಯೋಣ. ಇವಳು ರೈಸ್ ಕುಕ್ಕರ್ ತರ್ತಾಳೆ. ಇವಳ ಬಿಸಿಬೇಳೆ ಬಾತ್ ಇದ್ರೆ ಸಾಕಲ್ವಾ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾರಿನಲ್ಲಿ ಕೇಳಿದೆ, “ನಾವಿಬ್ರೇ ಅಂದಿದ್ವಲ್ಲ?”

“ಇಬ್ರೇ ಹೋಗಿ ಏನ್ ಮಾಡೋದು? ಬೋರ್ ಆಗಲ್ವಾ?” ಎಂದು ಸಿಗ್ನಲ್ ನೋಡುತ್ತಾ ಕೇಳಿದರು.

ಮನೆಗೆ ಬಂದವಳೇ ಗ್ರೂಪಿನಿಂದ ಹೊರಬಂದೆ. ರೈಸ್ ಕುಕ್ಕರ್ ತೊಳೆದು, ಒರೆಸಿ, ಅವರ ಸೂಟ್‌ಕೇಸಿನಲ್ಲಿಟ್ಟೆ. ನನ್ನ ಬದಲು ಅದೇ ಹವಾನಾ ನೋಡಿಕೊಂಡು ಬರಲಿ. ಒಂದು ಲೋಟ ಅಕ್ಕಿಗೆ ಎಷ್ಟು ನೀರು ಎಂಬುದು ಅವರಿಗೆ ಗೊತ್ತಿಲ್ಲ. ಅದನ್ನೂ ಬರೆದು ಮುಚ್ಚಳಕ್ಕೆ ಅಂಟಿಸಿದ್ದೇನೆ.