ಅಂಗಡಿಯಲ್ಲಿ ನನ್ನ ಸೀಮಂತ

ಅದು 2005ನೇ ಇಸವಿ. ಕೊಪ್ಪ ಪೇಟೆಯ ಒಂದು ದೊಡ್ಡ ಜವಳಿ ಅಂಗಡಿಯ ಸೀರೆ ವಿಭಾಗದಲ್ಲಿ ನಾನು ಕೆಲಸಕ್ಕಿದ್ದೆ. ಮದುವೆಯಾಗಿ ಮುತ್ತಿನಕೊಪ್ಪದಿಂದ ಕೊಪ್ಪಕ್ಕೆ ಬಂದ ವರ್ಷವೇ ಸೇರಿದ ಕೆಲಸ. ನಾವು ಹುಡುಗಿಯರು ಸೀರೆ ಬಿಡಿಸಿ, ಸೆರಗನ್ನು ನಮ್ಮ ಹೆಗಲ ಮೇಲೆಯೇ ಹಾಕಿಕೊಂಡು, ನೆರಿಗೆ ಹಿಡಿದು ಗಿರಾಕಿಗಳಿಗೆ ತೋರಿಸಬೇಕಿತ್ತು. ನಾನು ಸ್ವಲ್ಪ ಎತ್ತರದ ಆಳು. "ಸೀರೆ ಸುಜಾತನ ಹೆಗಲಿಗೆ ಬಿದ್ರೆ ಅರ್ಧ ವ್ಯಾಪಾರ ಆದಂಗೇ" ಎಂದು ಯಜಮಾನರು ಎಲ್ಲರೆದುರು ಹೇಳುತ್ತಿದ್ದರು. ಆ ಮಾತಿಗೆ ನಾನು ಉಬ್ಬಿ ಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ನನಗೆ ಏಳು ತಿಂಗಳು ತುಂಬುತ್ತಿದ್ದಾಗ ಶೃಂಗೇರಿ ಕಡೆಯವರು ಮದುವೆ ಜವಳಿಗೆ ಬಂದರು. ನಾನು ಧಾರೆ ಸೀರೆಯೊಂದನ್ನು ಹೆಗಲಿಗೆ ಹಾಕಿ ನಿಂತೆ. ಮದುವೆ ಹುಡುಗಿಯ ಸೋದರತ್ತೆ ನನ್ನ ಹೊಟ್ಟೆ ನೋಡಿ, "ಪಾಪ, ನೀನು ಕೂತ್ಕ ಮಾರಾಯ್ತಿ, ಬೇರೆಯವ್ರು ತೋರಿಸ್ಲಿ" ಎಂದರು. ಅವರು ಹೇಳಿದ್ದು ಮರುಕದಿಂದ. ಯಜಮಾನರಿಗೆ ಮಾತ್ರ ಅದು ದೂರಿನ ಹಾಗೆ ಕೇಳಿಸಿತೋ ಏನೋ. ಸಂಜೆ ನನ್ನನ್ನು ಕರೆದು, "ಹೊಟ್ಟೆ ಬಂದ ಮೇಲೆ ಸೀರೆ ಸರಿಯಾಗಿ ಕೂರಲ್ಲ ಸುಜಾತ. ಗಿರಾಕಿಗಳಿಗೂ ಮುಜುಗರ. ಬರೋ ಶುಕ್ರವಾರ ಮಡಿಲು ತುಂಬಿ ಕಳಿಸ್ಕೊಡ್ತೀವಿ. ನಿಮ್ಮ ಅತ್ತೇನೂ ಕರ್ಕೊಂಡು ಬಾ" ಎಂದರು.

ಹೀಗೆ ಕಳಿಸುವುದು ಆ ಅಂಗಡಿಯ ಪದ್ಧತಿ. ಬಸುರಿಯಾದ ಹುಡುಗಿಗೆ ಯಜಮಾನರ ಹೆಂಡತಿ ಹಸಿರು ಬಳೆ ತೊಡಿಸಿ, ಹೊಸ ಸೀರೆ, ತೆಂಗಿನಕಾಯಿ, ಅಕ್ಕಿ ಮಡಿಲಿಗೆ ಹಾಕುತ್ತಿದ್ದರು. ಎಲ್ಲರಿಗೂ ಹೋಳಿಗೆ ಊಟ. ಅದಕ್ಕೆ ಮುಂಚೆ ಅಂಗಡಿಯ ಗುಮಾಸ್ತರು ಒಂದು ಬಿಳಿ ಹಾಳೆ ತರುತ್ತಿದ್ದರು. ಸ್ವಂತ ಇಷ್ಟದಿಂದ ಕೆಲಸ ಬಿಡುತ್ತಿದ್ದೇನೆ ಎಂದು ಬರೆದು ಸಹಿ ಹಾಕಬೇಕು. ಹೋದವರಲ್ಲಿ ಮರಳಿ ಬಂದವರನ್ನು ನಾನು ಕಾಣೆ. ಇದನ್ನು ನಾವ್ಯಾರೂ ಅನ್ಯಾಯ ಎಂದುಕೊಂಡಿರಲಿಲ್ಲ. ಯಾವ ಅಂಗಡಿಯವರು ಇಷ್ಟು ಮಾಡುತ್ತಾರೆ ಎಂದು ಹೊಗಳಿ, ಕಣ್ಣೊರೆಸಿಕೊಂಡು, ಹೋಳಿಗೆ ತಿಂದು ಬರುತ್ತಿದ್ದೆವು.

ನನ್ನ ಗಂಡನದು ಮನೆಗಳಿಗೆ ವೈರಿಂಗ್ ಮಾಡುವ ಕೆಲಸ. ಮಳೆ ಹಿಡಿಯಿತೆಂದರೆ ಆ ಕೆಲಸ ನಿಂತಂತೆಯೇ. ಮಗು ಬರುವ ಹೊತ್ತಿಗೆ ನನ್ನ ಸಂಬಳವೂ ನಿಂತರೆ ಗತಿಯೇನು ಎಂದು ದಾರಿಯುದ್ದಕ್ಕೂ ಅಳು ನುಂಗಿಕೊಂಡು ಬಂದೆ. ಆದರೂ ಮನೆಯಲ್ಲಿ ಅತ್ತೆಗೆ ಹೇಳುವಾಗ ಸೀಮಂತದ ಸುದ್ದಿಯನ್ನೇ ಮುಂದೆ ಮಾಡಿದೆ.

ನಮ್ಮ ಅತ್ತೆ ಸೀತಮ್ಮನವರು ಸಾಮಾನ್ಯದವರಲ್ಲ. ಪಕ್ಕದ ಮನೆಯವರ ಮೇಲೆ ಬೇಲಿ ವಿಚಾರಕ್ಕೆ ಕೇಸು ಹಾಕಿ, ವರ್ಷಗಟ್ಟಲೆ ಓಡಾಡಿ ಗೆದ್ದವರು. ಕೋರ್ಟಿಗೆ ಹೋಗುವುದೆಂದರೆ ಅವರಿಗೆ ನೆಂಟರ ಮನೆಗೆ ಹೋದ ಹಾಗೆ. ಒಳ್ಳೆಯ ಸೀರೆ ಉಟ್ಟು, ಸಂಚಿಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಹೊರಡುತ್ತಿದ್ದರು. ನನ್ನ ಸಾರಿನಲ್ಲಿ ಒಂದಲ್ಲ ಒಂದು ಕೊರತೆ ಹುಡುಕದೆ ಉಂಡ ದಿನವಿಲ್ಲ. ನಾನು ಕೆಲಸ ಬಿಟ್ಟರೆ ಅವರಿಗೆ ಸಂತೋಷವೇ ಆದೀತು ಎಂದುಕೊಂಡಿದ್ದೆ.

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. "ಮಡಿಲು ತುಂಬಿ ಕಳಿಸ್ತಾರೆ, ಸರಿ. ಆಮೇಲೆ ಕರಿಯಕ್ಕೆ ಯಾವಾಗ ಬರ್ತಾರಂತೆ?"

"ಕರಿಯಲ್ಲ ಅತ್ತೆ. ಕೆಲಸ ಬಿಟ್ಟೆ ಅಂತ ಬರ್ಕೊಡ್ಬೇಕು."

"ಬರ್ಕೊಡದಾ? ಎಂತಕ್ಕೆ? ನೀನೇನು ಕಳ್ಳತನ ಮಾಡಿದ್ಯಾ?"

ಅಂಗಡಿಯ ಪದ್ಧತಿಯೇ ಹಾಗೆ ಎಂದೆ. "ನಿಂಗೆ ಬಿಡ್ಬೇಕು ಅಂತ ಉಂಟಾ?" ಎಂದು ಕೇಳಿದರು. ಇಲ್ಲ ಎಂದೆ. ಅಷ್ಟು ಹೇಳುವಾಗಲೇ ಅಳು ಒತ್ತರಿಸಿ ಬಂತು. "ಅಳದು ಆಮೇಲೆ ಅಳು. ನಾಳೆ ಬೆಳಿಗ್ಗೆ ರಜ ಹಾಕು" ಎಂದು ಎಲೆ ಮಡಚಿ ಬಾಯಿಗಿಟ್ಟುಕೊಂಡರು.

ಮರುದಿನ ಅವರು ನನ್ನನ್ನು ಕರೆದೊಯ್ದದ್ದು ಬೇಲಿ ಕೇಸು ನಡೆಸಿದ್ದ ವಕೀಲರ ಬಳಿಗೆ. ಆ ವಕೀಲರು ಹೆಂಗಸು. ಅತ್ತೆಯನ್ನು ಕಂಡದ್ದೇ "ಮತ್ತೆ ಬೇಲಿನಾ ಸೀತಮ್ಮ?" ಎಂದು ನಕ್ಕರು. ವಿಷಯ ಕೇಳಿದ ಮೇಲೆ ಅವರಿಗೆ ನಗು ಬರಲಿಲ್ಲ. ಅಂಗಡಿಯಲ್ಲಿ ಹತ್ತಕ್ಕಿಂತ ಹೆಚ್ಚು ಜನ ಕೆಲಸಕ್ಕಿದ್ದಾರೆಯೇ ಎಂದು ಕೇಳಿದರು. ಇದ್ದಾರೆ ಎಂದೆ. ಹಾಗಾದರೆ ಹೆರಿಗೆ ಸೌಲಭ್ಯದ ಕಾಯ್ದೆ ನನಗೂ ಅನ್ವಯಿಸುತ್ತದೆ ಎಂದರು. ಬಸುರಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಹನ್ನೆರಡು ವಾರ ಸಂಬಳದ ರಜೆ ಕೊಡಬೇಕು, ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಬರಬಹುದು. ದಿನ ಹತ್ತಿರ ಬಂದಾಗ ಹೊತ್ತುಗಟ್ಟಲೆ ನಿಲ್ಲುವ ಕೆಲಸ ಬೇಡವೆಂದು ಕೇಳುವುದಕ್ಕೂ ಹಕ್ಕಿದೆಯಂತೆ. ಸೀರೆ ಹಿಡಿದು ದಿನವಿಡೀ ನಿಂತು ಕಾಲು ಊದಿಸಿಕೊಂಡವಳಿಗೆ ಆ ಮಾತು ಕೇಳಿಯೇ ಅರ್ಧ ನೋವು ಇಳಿದಂತಾಯಿತು.

"ಒಂದು ನೆನಪಿಟ್ಕೊಳ್ಳಿ" ಎಂದರು ವಕೀಲರು. "ಅವರಾಗಿ ತೆಗೆದ್ರೆ ನಾವು ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ನೀವಾಗಿ ಬಿಡ್ತೀನಿ ಅಂತ ಬರೆದುಕೊಟ್ರೆ ಆಮೇಲೆ ನನಗೂ ಕಷ್ಟ. ಸಹಿ ಮಾತ್ರ ಹಾಕಬೇಡಿ."

ಹೊರಗೆ ಬಂದ ಮೇಲೆ, ಯಜಮಾನರ ಹತ್ತಿರ ನೀವೇ ಮಾತಾಡಿ ಎಂದು ಅತ್ತೆಯನ್ನು ಬೇಡಿಕೊಂಡೆ. ಅವರು ಒಪ್ಪಲಿಲ್ಲ. "ಬೇಲಿ ನಂದಾಗಿತ್ತು, ನಾ ಮಾತಾಡ್ದೆ. ಕೆಲಸ ನಿಂದು. ಬಾಯಿ ಬಿಡದು ನೀನು. ನಾ ಪಕ್ಕದಲ್ಲಿರ್ತೀನಿ."

ಶುಕ್ರವಾರ ಮಧ್ಯಾಹ್ನ ಸೀರೆ ವಿಭಾಗದಲ್ಲಿ ಮಣೆ ಹಾಕಿದ್ದರು. ಯಜಮಾನರ ಹೆಂಡತಿ ತಟ್ಟೆಯಲ್ಲಿ ಬಳೆ, ಅರಿಶಿನ ಕುಂಕುಮ ಜೋಡಿಸಿಕೊಂಡು ನಿಂತಿದ್ದರು. ನಾನು ಮಣೆಯ ಮೇಲೆ ಕುಳಿತೆ. ಗುಮಾಸ್ತರು ಹಾಳೆ, ಪೆನ್ನು ಮುಂದೆ ಹಿಡಿದರು. ನಾನು ಅತ್ತೆಯ ಮುಖ ನೋಡಿದೆ. ಅವರು ಎತ್ತಲೋ ನೋಡುತ್ತ ಎಲೆ ಅಡಿಕೆ ಅಗಿಯುತ್ತಿದ್ದರು.

"ನಾನು ಕೆಲಸ ಬಿಡಲ್ಲ ಯಜಮಾನ್ರೆ" ಎಂದೆ. "ನಂಗೆ ಹೆರಿಗೆ ರಜ ಬೇಕು. ಮುಗಿಸ್ಕೊಂಡು ವಾಪಸ್ ಬರ್ತೀನಿ." ಹೇಗೋ ಮಾತು ಪೂರ್ತಿ ಹೊರಗೆ ಬಂತು.

ಯಜಮಾನರು ಕೆಟ್ಟವರಲ್ಲ. ಅವರ ಮುಖದಲ್ಲಿ ಸಿಟ್ಟಿಗಿಂತ ಬೇಜಾರೇ ಹೆಚ್ಚಿತ್ತು. "ಇಷ್ಟು ಮರ್ಯಾದೆಯಿಂದ ಕಳಿಸ್ತಿದೀವಿ. ಇದು ನಮ್ಮ ಅಂಗಡಿ ಪದ್ಧತಿ. ಇವತ್ತಿನವರೆಗೆ ಯಾರೂ ಹೀಗೆ ಕೇಳಿರ್ಲಿಲ್ಲ" ಎಂದರು.

ಅಲ್ಲಿಯವರೆಗೆ ಸುಮ್ಮನಿದ್ದ ಅತ್ತೆ ಆಗ ಈ ಕಡೆ ತಿರುಗಿದರು. "ಮಡಿಲು ತುಂಬದು ಒಳ್ಳೇದೇ ಯಜಮಾನ್ರೆ. ನಾಳೆ ದಿನ ನಾನೂ ಇವಳಿಗೆ ಮಡಿಲು ತುಂಬಿ ತವರಿಗೆ ಕಳಿಸ್ತೀನಿ. ವಾಪಸ್ ಬರಲ್ಲ ಅಂತ ಬರಸ್ಕಂಡು ಕಳಿಸ್ತೀನಾ? ಕಳಿಸಿದ ಮನೆಯವ್ರೇ ಹೋಗಿ ಬಾಣಂತಿನ ಕರ್ಕಂಡು ಬರದು ಪದ್ಧತಿ. ನಿಮ್ಮಲ್ಲಿ ಕರಿಯಕ್ಕೆ ಯಾರು ಬರ್ತೀರಿ? ಅದು ಹೇಳಿ, ಆಮೇಲೆ ತುಂಬಿ."

ಬಳೆ ಹಿಡಿದು ನಿಂತಿದ್ದ ಯಜಮಾನರ ಹೆಂಡತಿಯ ಮುಖ ಕೆಂಪಾಯಿತು. ಎಷ್ಟು ಹುಡುಗಿಯರ ಮಡಿಲು ತುಂಬಿದ್ದರೋ ಆ ಕೈಯಲ್ಲಿ. ಬಳೆಯ ತಟ್ಟೆ ಕೆಳಗಿಟ್ಟು, "ನಾನೇ ಬರ್ತೀನಿ ಸೀತಮ್ಮ" ಎಂದರು. ಗುಮಾಸ್ತರ ಕಡೆ ತಿರುಗಿ, "ಅದನ್ನ ಒಳಗಿಡಿ" ಎಂದರು.

"ಸಂಬಳ ಕೊಟ್ಟು ರಜ ಅಂದ್ರೆ..." ಎಂದು ಯಜಮಾನರು ರಾಗ ಎಳೆದರು.

"ಅದಕ್ಕೆ ಕಾನೂನೇ ಇದೆಯಂತೆ. ಬೇಕಾರೆ ನಮ್ಮ ವಕೀಲರನ್ನ ಕೇಳಿ, ಒಳ್ಳೆ ಹೆಂಗಸು" ಎಂದರು ಅತ್ತೆ. ಬೇಲಿ ಕೇಸಿನ ಕಥೆ ಕೊಪ್ಪದಲ್ಲಿ ಯಾರಿಗೆ ಗೊತ್ತಿಲ್ಲ? ಯಜಮಾನರು ಮುಂದೆ ಮಾತು ಬೆಳೆಸಲಿಲ್ಲ. ಹೋಳಿಗೆ ಊಟ ಆಯಿತು. ಅತ್ತೆ ಎರಡು ಸಲ ತುಪ್ಪ ಹಾಕಿಸಿಕೊಂಡು ಉಂಡರು.

ಮಡಿಲು ತುಂಬಿಸಿಕೊಂಡು ಮಾರನೆಯ ದಿನ ಆ ಅಂಗಡಿಗೆ ಕೆಲಸಕ್ಕೆ ಬಂದವರಲ್ಲಿ ನಾನೇ ಮೊದಲಿನವಳಿರಬೇಕು. ಟವೆಲ್ಲು, ಪಂಚೆಯ ವಿಭಾಗದಲ್ಲಿ ನನಗೊಂದು ಸ್ಟೂಲು ಹಾಕಿಸಿದ್ದರು. ಕೆಲವು ದಿನ ಯಜಮಾನರು ನನ್ನ ಮುಖ ನೋಡಿ ಮಾತಾಡಲಿಲ್ಲ. ಅದು ಕಷ್ಟವಾಯಿತು, ಆದರೆ ಅದರಿಂದ ಯಾರೂ ಸಾಯುವುದಿಲ್ಲ ಎಂದು ಅತ್ತೆ ಹೇಳಿದರು. ದಿನ ಹತ್ತಿರ ಬಂದಾಗ ರಜೆ ಹಾಕಿ ಮುತ್ತಿನಕೊಪ್ಪಕ್ಕೆ ಹೋದೆ. ಹೆಣ್ಣು ಮಗುವಾಯಿತು. ರಜೆಯ ಸಂಬಳ ಕೂಡಲೇ ಬರಲಿಲ್ಲ. ವಕೀಲರು ಒಂದು ಫೋನ್ ಮಾಡಿದ ಮೇಲೆ ಬಂತು. ಬಾಣಂತನ ಮುಗಿಯುವ ಹೊತ್ತಿಗೆ ಯಜಮಾನರ ಹೆಂಡತಿ ನಿಜವಾಗಿಯೂ ಬಸ್ಸಿಳಿದು ನಮ್ಮ ತವರು ಮನೆಗೆ ಬಂದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಬೇಗ ಬಾ, ಹೊಸ ಹುಡುಗಿಗೆ ನೆರಿಗೆ ಹಿಡಿಯಕ್ಕೆ ಬರಲ್ಲ" ಎಂದರು.

ನನ್ನ ನಂತರ ಬಸುರಿಯಾದ ಹುಡುಗಿ ನೇರವಾಗಿ ರಜೆ ಕೇಳಿದಳು. ಕೊಟ್ಟರು. ಅವಳಿಗೂ ಮಡಿಲು ತುಂಬಿದರು, ಹೋಳಿಗೆಯೂ ಆಯಿತು.

ಒಮ್ಮೆ ಅತ್ತೆಗೆ, ನಿಮ್ಮಿಂದ ನನ್ನ ಕೆಲಸ ಉಳಿಯಿತು ಎಂದೆ. "ನೀನು ದಿನಾ ಮನೇಲಿದ್ರೆ ನಂಗೆ ನಿನ್ನ ಜೊತೆ ಏಗಕ್ಕೆ ಆಗ್ತಿರ್ಲಿಲ್ಲ, ಅದಕ್ಕೇ ಬಂದೆ" ಎಂದು ಹಾರಿಸಿಬಿಟ್ಟರು. ಅವರ ಬಾಯಿಂದ ಬೇರೆ ಉತ್ತರ ಬಂದೀತೆಂದು ನಾನೂ ಕಾದಿರಲಿಲ್ಲ. ಅಂದು ಅವರೇ ಮೊದಲು ಬಾಯಿ ತೆರೆದಿದ್ದರೂ ನನ್ನ ಕೆಲಸ ಉಳಿಯುತ್ತಿತ್ತು. ಅಷ್ಟು ಮಾತು ಬಲ್ಲ ಹೆಂಗಸು, ನಾನು ಹೇಳುವವರೆಗೆ ಎಲೆ ಅಡಿಕೆ ಅಗಿಯುತ್ತ ಕಾದರಲ್ಲ, ಅದನ್ನು ನೆನೆದರೆ ಈಗಲೂ ನನಗೆ ಎದೆ ತುಂಬಿ ಬರುತ್ತದೆ.