ಬೂದಿ ಮೆತ್ತಿದ ಟಗರು

ಶಿತಾಯೆ ತನ್ನ ಮನೆಯ ಯಾವ ಕುರಿಮರಿಯನ್ನೂ ಚೆನ್ನಾಗಿದೆ ಎಂದವಳಲ್ಲ. ಬೇರೆ ಯಾರಾದರೂ ಅಂದರೆ, ಹೊದ್ದ ಶಾಲನ್ನು ಆ ಮರಿಯ ಮೇಲೆಳೆದು, ಇದಕ್ಕೆ ನಾಲ್ಕು ದಿನದಿಂದ ಭೇದಿ, ಉಳಿಯುವ ಹಾಗೆ ಕಾಣುವುದಿಲ್ಲ ಎಂದುಬಿಡುತ್ತಿದ್ದಳು. ಮಗಳು ಕಸಾನೆಷಳಿಗೆ ಒಂದೂವರೆ ವರ್ಷ. ಅವಳ ಕೊರಳಲ್ಲಿ ಪಾದ್ರಿಗಳು ಬರೆದುಕೊಟ್ಟ ತೊಗಲಿನ ತಾಯಿತ, ಬೋಳಿಸಿದ ತಲೆಯ ನಡುವೆ ಒಂದು ಹಿಡಿ ಜುಟ್ಟು. ತಾಯಿ ಅವಳನ್ನು ಕರೆಯುವುದು ಕಪ್ಪೆ ಎಂದು.

ಮೊದಲು ಹೀಗಿರಲಿಲ್ಲ. ಮದುವೆಯಾಗಿ ಬಂದಾಗ ತವರಿನಿಂದ ಎರಡು ಹೆಣ್ಣು ಕುರಿ ಹೊಡೆದುಕೊಂಡು ಬಂದ ಹುಡುಗಿ ಅವಳು. ಮೆಂಜ್ ಗುಡ್ಡದ ಮೇಲೆ ಬಾರ್ಲಿಯನ್ನು ಹಿಮ ಸುಟ್ಟರೂ ಕುರಿ ಉಳಿಯುತ್ತದೆ. ಆ ಕುರಿಯನ್ನು ನೋಡಿಕೊಳ್ಳಲು ಬಲ್ಲವಳು ಮನೆಗೆ ಬಂದಳೆಂದು ಅತ್ತೆ ಬಿರ್ಕೆ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಶಿತಾಯೆ ಮನೆಯ ಕೆಳಗಿನ ಕತ್ತಲ ಕೊಟ್ಟಿಗೆಯಲ್ಲಿ ಬಾಲದ ಬುಡ ಮುಟ್ಟಿಯೇ ಇದು ಯಾವ ತಾಯಿಯ ಮರಿ, ಬೇಸಗೆ ದಾಟುತ್ತದೋ ಇಲ್ಲವೋ ಎಂದು ಹೇಳುತ್ತಿದ್ದಳು.

ಆಗ ಊರಿನವರು ಟಗರು ಆರಿಸುವ ಕಟ್ಟಳೆ ಮಾಡಿಕೊಂಡಿದ್ದರು. ಹಿಂದೆ ಅಡಿಸ್ ಅಬಾಬಾ ಕಡೆಯಿಂದ ಯಾರೋ ದೊಡ್ಡ ದೊಡ್ಡ ಟಗರು ತಂದು ಕೊಟ್ಟಿದ್ದರು. ನೋಡಲು ಕರುವಿನ ಹಾಗಿದ್ದವು, ಚಳಿಗೆ ಒಂದೊಂದಾಗಿ ಕೆಮ್ಮಿ ಸತ್ತವು. ಹಾಗಾಗಿ ನಮ್ಮ ಗಿಡ್ಡ ಕುರಿಯೇ ಸಾಕು, ಅದರಲ್ಲೇ ಒಳ್ಳೆಯದನ್ನು ಆರಿಸೋಣ ಎಂದು ತೀರ್ಮಾನವಾಯಿತು. ವರ್ಷಕ್ಕೊಮ್ಮೆ ಎಲ್ಲ ಮನೆಯ ಗಂಡುಮರಿಗಳನ್ನು ತೂಗಿ, ಮುಟ್ಟಿ, ಉತ್ತಮವಾದ ಕೆಲವನ್ನು ಇಟ್ಟುಕೊಳ್ಳುವುದು. ಅವು ಸರದಿಯ ಮೇಲೆ ಮನೆಮನೆಗೆ ಹೋಗುತ್ತವೆ. ಉಳಿದವಕ್ಕೆಲ್ಲ ಬೀಜ ಒಡೆಯುವುದು. ಎಲ್ಲರ ಕುರಿಯೂ ಒಂದೇ ಬಯಲಲ್ಲಿ ಮೇಯುವಾಗ ಒಂದೇ ಒಂದು ಬಡಕಲು ಗಂಡು ಉಳಿದರೂ ಊರ ಹಿಂಡೆಲ್ಲ ಕೆಡುತ್ತದೆ.

ಮೊದಲ ವರ್ಷ ಎಲ್ಲಕ್ಕಿಂತ ಮೇಲು ಎಂದು ಬಂದದ್ದು ಶಿತಾಯೆಯ ಕೆಂಚು ಟಗರು. ಹಣೆಯ ಮೇಲೆ ಬಿಳಿ ಪಟ್ಟೆ. ಜನ ಹುಲ್ಲಿನ ಹಾರ ಹಾಕಿ ಮೆರೆಸಿದರು. ಅವಳ ಬೆನ್ನಿಗೆ ಎಂಟು ತಿಂಗಳ ಗಂಡುಮಗು. ಗುಂಪಿನಲ್ಲಿ ಯಾರೋ ಅಂದರು, ಮರಿಯೂ ಗುಂಡಗಿದೆ, ಮಗುವೂ ಗುಂಡಗಿದೆ ಎಂದು. ಎಂಟನೇ ದಿನ ಟಗರು ಹೊಟ್ಟೆಯುಬ್ಬಿ ಸತ್ತಿತು. ಇಪ್ಪತ್ತನೇ ದಿನ ಮಗು.

ಟಗರು ಇಬ್ಬನಿಯ ಹಸಿಹುಲ್ಲು ತಿಂದಿತ್ತು ಎಂದರು. ಮಗುವಿನ ಎದೆಗೂಡಿಗೆ ಶೀತ ಇಳಿದಿತ್ತು ಎಂದು ಆರೋಗ್ಯ ಕೇಂದ್ರದ ನರ್ಸು ಹೇಳಿದಳು. ಎರಡನ್ನೂ ಅವಳು ಕೇಳಿ ತಲೆಯಾಡಿಸಿದಳು. ಆದರೆ ಕಿವಿಯಲ್ಲಿ ಉಳಿದದ್ದು ಆ ಒಂದು ಮಾತು. ಹಿಟ್ಟು ಕಲಸುವಾಗ, ಉಣ್ಣೆ ನೂಲುವಾಗ, ಯಾವಾಗ ಬೇಕಾದರೂ ಅದು ಹಿಂದಿನಿಂದ ಬಂದು ಕುತ್ತಿಗೆ ಮುಟ್ಟಿದಂತೆ ಆಗುತ್ತಿತ್ತು.

ಸತ್ತ ಟಗರಿನ ರಕ್ತ ಒಂದು ಹೆಣ್ಣುಮರಿಯಲ್ಲಿ ಮಾತ್ರ ಉಳಿದಿತ್ತು. ಹೋದ ವರ್ಷ ಅದು ಮರಿ ಹಾಕಿತು. ಗಂಡು. ಇನ್ನೂ ಒದ್ದೆಯಾಗಿದ್ದಾಗಲೇ ಕೆಂಚು ಮೈ, ಹಣೆಯ ಬಿಳಿ ಪಟ್ಟೆ ಎದ್ದು ಕಂಡವು. ಮೈ ಒರೆಸಲೂ ನಿಲ್ಲಲಿಲ್ಲ ಶಿತಾಯೆ. ಒಲೆಯಿಂದ ಬೂದಿ ತಂದು ಆ ಪಟ್ಟೆಗೆ ಮೆತ್ತಿದಳು.

ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಬೂದಿ, ಸಗಣಿ, ಹಿಂಗಾಲಿಗೆ ಹಳೇ ಚಿಂದಿ. ಮರಿಗಳ ತೂಕ ಬರೆದುಕೊಳ್ಳಲು ಊರ ಶಾಲೆಯ ಮೇಷ್ಟ್ರು ಆಗಾಗ ಬಂದಾಗ, ಅದು ಅಕ್ಕನ ಊರಿಗೆ ಹೋಗಿದೆ ಎನ್ನುವಳು. ಹೀಗೆ ಅದಕ್ಕೆ ಕಿವಿಯೋಲೆಯ ನಂಬರು ಬೀಳಲಿಲ್ಲ, ಮೇಷ್ಟ್ರ ಪುಸ್ತಕದಲ್ಲಿ ಹೆಸರೂ ಇಲ್ಲ. ಅತ್ತೆಗೆ ಎಲ್ಲ ಗೊತ್ತಿತ್ತು. "ಊರ ಕಣ್ಣು ಅಂತೀಯ," ಎಂದು ಬಿರ್ಕೆ ಗೊಣಗುವಳು. "ಅದನ್ನ ದಿನಾ ಇಷ್ಟೊತ್ತು ಕಣ್ಣುಬಿಟ್ಕೊಂಡು ನೋಡೋಳು ನೀನೊಬ್ಳೇ ಕಣೇ."

ಈ ವರ್ಷದ ಆರಿಸುವ ದಿನ ಬಂತು. ಗಂಡ ಬಾರ್ಲಿ ಮಾರಲು ಪೇಟೆಗೆ ಹೋಗಿದ್ದ. ಬೇರೆ ಮೂರು ಗಂಡುಮರಿಗಳನ್ನು ಬಯಲಿಗೆ ಅಟ್ಟಿ, ಇದನ್ನು ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿ, ಮುಂದೆ ಸೌದೆ ಒಟ್ಟಿದಳು. ಇದೊಂದು ದಿನ ದಾಟಿದರೆ ಸಾಕಿತ್ತು. ಆಮೇಲೆ ತನ್ನ ಕುರಿಗಳಿಗಷ್ಟೇ ಗುಟ್ಟಾಗಿ ಬಿಟ್ಟುಕೊಳ್ಳಬಹುದು. ಬಯಲಲ್ಲಿ ಕುರಿ ಗುಟ್ಟು ಕಾಯುವುದಿಲ್ಲವೆಂದು ಅವಳಿಗೂ ಗೊತ್ತು. ಭಯ ಅಷ್ಟು ದೂರ ಯೋಚಿಸಲು ಬಿಟ್ಟಿರಲಿಲ್ಲ.

ಈ ಸಲ ಬಚ್ಚಿಟ್ಟ ಗಂಡುಗಳನ್ನು ಮನೆಮನೆ ಹೊಕ್ಕು ಹುಡುಕುತ್ತಾರೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಮಂಜು ಕರಗುವ ಹೊತ್ತಿಗೆ ಅಂಗಳದಲ್ಲಿ ಕಾಲುಸದ್ದು. ಟಗರು ಆರಿಸುವ ಗುಂಪಿನ ಹಿರಿಯ ತಸ್ಸೆವ್, ಪುಸ್ತಕ, ತಕ್ಕಡಿ ಹಿಡಿದ ಮೇಷ್ಟ್ರು, ಪಕ್ಕದ ಮನೆಯ ಅಯಾಲನೆ, ಹಿಂದೆ ಐದಾರು ಜನ. ತಸ್ಸೆವ್ ಕೈಯಲ್ಲಿ ಬೀಜ ಒಡೆಯುವ ಉದ್ದ ಹಿಡಿಯ ಇಕ್ಕಳ. ಶಿತಾಯೆ ಬೆನ್ನ ಮೇಲಿದ್ದ ಮಗಳ ತಲೆಯ ಮೇಲೆ ಶಾಲು ಎಳೆದುಕೊಂಡಳು. ಒಳಗೆ ಟಗರು ಅರಚಿತು. ಶಾಲಿನೊಳಗಿಂದ ಕಸಾನೆಷ್ ಅದರ ಹಾಗೆಯೇ ಅರಚಿ ಉತ್ತರ ಕೊಟ್ಟಳು.

ಮತ್ತೆ ಹೇಳುವುದೇನಿದೆ. ಸೌದೆ ಸರಿಸಿದರು, ಎಳೆದು ತಂದರು. ಮೈತುಂಬ ಸಗಣಿ, ಬೂದಿ ಬಳಿದ ಮುಖ, ಕುಂಟುವ ಕಾಲು. ಇದೇನು ತಾಯಿ, ಒಲೆಯೊಳಗೆ ಸಾಕಿದ್ಯಾ ಎಂದು ಯಾರೋ ನಕ್ಕರು. ಮೇಷ್ಟ್ರು ಕಿವಿ ಮುಟ್ಟಿ ನೋಡಿ, ನಂಬರಿಲ್ಲ ಎಂದರು. ನಂಬರಿಲ್ಲದ ಗಂಡಿಗೆ ಚರ್ಚೆ ಇಲ್ಲ. ಅಯಾಲನೆ ಅದನ್ನು ಕೆಡವಿ ಹಿಂಗಾಲು ಅಗಲಿಸಿ ಹಿಡಿದ. ತಸ್ಸೆವ್ ಇಕ್ಕಳ ಬಿಡಿಸಿಕೊಂಡು ಮಂಡಿಯೂರಿದ.

ಒಂದು ಗಳಿಗೆ ಶಿತಾಯೆಗೆ ಹಗುರವಾಯಿತು. ಆಗಿಹೋಗಲಿ. ಬೀಜವಿಲ್ಲದ ಟಗರಿನ ಮೇಲೆ ಯಾರ ಕಣ್ಣು ಬಿದ್ದೀತು. ಕೊಬ್ಬಿಸಿ ಹಬ್ಬಕ್ಕೆ ಕೊಟ್ಟರಾಯಿತು. ಇನ್ನೆಂದೂ ಹೆದರಬೇಕಾಗಿಲ್ಲ. ಟಗರು ಅರಚುವುದನ್ನು ನಿಲ್ಲಿಸಿ ಅವಳತ್ತ ಕತ್ತು ತಿರುಗಿಸಿತು. ಉಸಿರಿಗೆ ಹಣೆಯ ಬೂದಿ ಸ್ವಲ್ಪ ಉದುರಿ, ಬೆರಳಗಲದ ಬಿಳಿ ಕಂಡಿತು. ಮೂರು ವರ್ಷದ ಹಿಂದೆ ಕೆಟ್ಟ ಕಣ್ಣು ಇದರ ತಾತನಿಗೆ ಮಾಡಿದ್ದನ್ನೇ ಈಗ ಇದಕ್ಕೆ ತಾನು ಮಾಡುತ್ತಿದ್ದೇನೆ, ಅದೂ ಅಂಗಳದಲ್ಲಿ ನಿಂತು, ಹಾಡುಹಗಲಲ್ಲಿ.

"ದೊಡ್ಡಪ್ಪ, ಸ್ವಲ್ಪ ತಡೀರಿ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ಅದು ಕುಂಟಲ್ಲ. ನಾನೇ ಕಟ್ಟಿದ್ದು. ತೊಳ್ದು ತೋರಿಸ್ತೀನಿ."

ತಸ್ಸೆವ್ ಇಕ್ಕಳ ನೆಲಕ್ಕಿಟ್ಟ. ಬಿರ್ಕೆ ಏನೂ ಕೇಳದೆ ನೀರಿನ ಕ್ಯಾನು ತಂದಳು. ಶಿತಾಯೆ ಚಿಂದಿ ಬಿಚ್ಚಿದಳು, ನೀರು ಸುರಿದಳು, ಉಗುರಿನಿಂದ ಕೆರೆದು ಕೆರೆದು ತೊಳೆದಳು. ಕೈ ಕೊರೆಯುತ್ತಿತ್ತು. ಕೊಳೆನೀರು ಹರಿದಂತೆ ಕೆಂಚು ಉಣ್ಣೆ ಮೇಲೆದ್ದಿತು, ಅಗಲ ಬೆನ್ನು, ತುಂಬಿದ ದಪ್ಪ ಬಾಲ, ಹಣೆಯ ಪಟ್ಟೆ. ನಿಂತವರಿಗೆ ಅದು ಯಾರ ಮೊಮ್ಮಗ ಎಂದು ಹೇಳಬೇಕಾಗಲಿಲ್ಲ. ಅಷ್ಟೂ ಕಣ್ಣುಗಳು ಒಂದೇ ಕಡೆ. ಮೇಷ್ಟ್ರು ಬಾಯಿ ತೆರೆದರು.

"ಮೇಷ್ಟ್ರೇ, ಬಾಯಿ ಮುಚ್ಕೊಳ್ಳಿ," ಎಂದ ತಸ್ಸೆವ್. ಅವನು ಅವಳ ಮುಖ ನೋಡಿದ್ದ. "ಇವತ್ತು ಈ ಅಂಗಳದಲ್ಲಿ ಒಳ್ಳೇ ಮಾತು ಬೇಡ. ಮುಟ್ಟಿ ನೋಡಿ, ಬೈದು ಹೇಳಿ. ಜಾಸ್ತಿ ಬೈಸ್ಕೊಂಡಿದ್ದೇ ಗೆದ್ದಿದ್ದು. ನಾನೇ ಶುರು ಮಾಡ್ತೀನಿ. ಈ ಬೆನ್ನು ನೋಡಿ, ನಮ್ಮೂರ ರಸ್ತೆಗಿಂತ ಕೆಟ್ಟದು."

ಒಬ್ಬೊಬ್ಬರಾಗಿ ಬಂದರು. ಬಾಲ ಹಿಡಿದು ನೋಡಿದವನು, ಮೊನ್ನೆ ಸೀದುಹೋದ ಇಂಜೆರಾ ರೊಟ್ಟಿ ಇದಕ್ಕಿಂತ ದಪ್ಪಗಿತ್ತು ಎಂದ. ಹಲ್ಲು ನೋಡಿದವನಿಗೆ ತನ್ನ ಅತ್ತೆಯ ನೆನಪಾಯಿತಂತೆ. ಇದು ಹೊಕ್ಕ ಮನೆಯ ಕುರಿಗಳ ಗ್ರಹಚಾರ ಕೆಟ್ಟಿತು ಎಂದು ಬಿರ್ಕೆ ನಿಟ್ಟುಸಿರಿಟ್ಟಳು. ತಕ್ಕಡಿಯ ಮುಳ್ಳು ನೋಡಿದ ಮೇಷ್ಟ್ರು, ಛೀ ಛೀ ಎಂದುಕೊಂಡು ಅಂಕಿಯನ್ನು ಕೈಯಡ್ಡ ಇಟ್ಟು ಬರೆದರು. ಪ್ರತಿಯೊಬ್ಬರೂ ಬೈದಾದ ಮೇಲೆ ಪಕ್ಕಕ್ಕೆ ತುಫ್ ಎಂದು ಉಗಿದು ಸರಿದರು.

ಕೊನೆಗೆ ಅಯಾಲನೆ. ಇಷ್ಟು ಹೊತ್ತು ಟಗರಿನ ಕೊಂಬು ಹಿಡಿದುಕೊಂಡು ನಿಂತಿದ್ದ. ಮೂರು ವರ್ಷದ ಹಿಂದೆ, ಮಗುವೂ ಗುಂಡಗಿದೆ ಎಂಬ ಆ ಮಾತು ಆಡಿದವನು ಅವನೇ. ಅದು ಶಿತಾಯೆಗೆ ಗೊತ್ತಿತ್ತು. ತನಗೆ ಗೊತ್ತು ಎಂಬುದು ಅವನಿಗೂ ಗೊತ್ತಿದೆ ಎಂದು ಅವಳಿಗೆ ತಿಳಿದದ್ದು ಆಗಷ್ಟೇ. ಅವನು ಟಗರನ್ನು ಬೈಯಲಿಲ್ಲ. ಶಾಲಿನಂಚಿನಿಂದ ಇಣುಕುತ್ತಿದ್ದ ಕಸಾನೆಷಳ ಕಡೆ ಒಮ್ಮೆ ನೋಡಿ, ಕಣ್ಣು ನೆಲಕ್ಕಿಳಿಸಿದ.

"ಅತ್ತಿಗೆ, ಈ ಕಪ್ಪೆನ ಎಲ್ಲಿಂದ ಹಿಡ್ಕೊಂಡ್ ಬಂದ್ರಿ? ಇಷ್ಟು ಸೊಟ್ಟ ಮೂತಿ ನಾನು ಎಲ್ಲೂ ನೋಡಿಲ್ಲ." ಮೂರು ಸಲ ಪಕ್ಕಕ್ಕೆ ಉಗಿದ.

ಶಿತಾಯೆಗೆ ನಗು ಬಂತೋ ಅಳು ಬಂತೋ, ಒದ್ದೆ ಕೈಯಲ್ಲೇ ಮುಖ ಒರೆಸಿಕೊಂಡಳು.

ಟಗರು ಗೆದ್ದಿತು, ಕಿವಿಗೆ ನಂಬರು ಬಿತ್ತು. ಯಾರ ಮನೆಗೆ ಮೊದಲು ಎಂದು ಚೀಟಿ ಎತ್ತಿದಾಗ ಅಯಾಲನೆಯ ಹೆಸರು ಬಂತು. ಭಯ ಮಾತ್ರ ಇವಳ ಮನೆಯಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಒಂದು ಹಿಡಿ ಬಾರ್ಲಿ ಹಿಡಿದು ಅವನ ಕೊಟ್ಟಿಗೆಗೆ ಹೋಗುವಳು. ಇಬ್ಬನಿ ಆರುವ ತನಕ ಹೊರಗೆ ಬಿಡಬೇಡಿ ಎಂದು ಅವನ ಹೆಂಡತಿಗೆ ನಾಲ್ಕು ಸಲ ಹೇಳುವಳು. ಟಗರಿನ ಹೊಟ್ಟೆಗೆ ಕಿವಿಯಿಟ್ಟು ಕೇಳಿ ವಾಪಸಾಗುವಳು. ಎಂಟು ದಿನ ಎಣಿಸುತ್ತಿದ್ದಳು.

ಏಳನೇ ದಿನ ಕಸಾನೆಷ್ ಕೆಮ್ಮಿದಳು. ಮಧ್ಯಾಹ್ನದ ಹೊತ್ತಿಗೆ ಹಣೆ ಬಿಸಿ. ಶಿತಾಯೆ ತಾಯಿತ ಮುಟ್ಟಿ ನೋಡಿದಳು, ಇತ್ತು. ಮುಂದೆ ಯೋಚಿಸಲಿಲ್ಲ. ಬಾಗಿಲನ್ನೂ ಎಳೆದುಕೊಳ್ಳದೆ, ಮಗುವನ್ನು ಬೆನ್ನಿಗೆ ಕಟ್ಟಿ ಆರೋಗ್ಯ ಕೇಂದ್ರಕ್ಕೆ ಒಂದೂವರೆ ತಾಸು ಇಳಿಜಾರಿನಲ್ಲಿ ಹೆಚ್ಚುಕಡಿಮೆ ಓಡಿದಳು. ಅಷ್ಟು ದೂರವೂ ಬೆನ್ನಿಗೆ ತಾಗುವ ಪುಟ್ಟ ಉಸಿರನ್ನು ಎಣಿಸಿದಳು. ಎಣಿಕೆ ತಪ್ಪಿದಾಗೆಲ್ಲ ನಿಂತು, ಕೈ ಹಿಂದೆ ಹಾಕಿ, ಪಾದ ಚಿವುಟಿ ನೋಡಿದಳು. ಅದೇ ನರ್ಸು ಎದೆಗೆ ಕಿವಿಗೊಟ್ಟು ಕೇಳಿದಳು. ಎದೆಗೆ ಇಳಿದಿಲ್ಲ, ಬರೀ ನೆಗಡಿ, ಬೆಚ್ಚಗಿಡು, ಉಸಿರು ಜೋರಾದರೆ ತಕ್ಷಣ ಬಾ ಎಂದಳು. ಶಿತಾಯೆ ತಲೆಯಾಡಿಸಿದಳು. ಮರುದಿನ ಎಲ್ಲಿಗೂ ಹೋಗಲಿಲ್ಲ. ಮಗಳನ್ನು ಉಣ್ಣೆಯ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಟಗರಿನ ಸುದ್ದಿ ಕೇಳಲು ಅತ್ತೆಯನ್ನೂ ಕಳಿಸಲಿಲ್ಲ. ಕೇಳಿಬರುವ ಉತ್ತರಕ್ಕೆ ಹೆದರಿ.

ಒಂಬತ್ತನೇ ಬೆಳಿಗ್ಗೆ ಕಸಾನೆಷಳ ಹಣೆ ತಣ್ಣಗಿತ್ತು. ಬಾರ್ಲಿಯ ಮುದ್ದೆಯಲ್ಲಿ ಅರ್ಧ ತಿಂದು, ಉಳಿದದ್ದನ್ನು ಅಜ್ಜಿಯ ತಲೆಗೆ ಮೆತ್ತಿದಳು. ಹೊರಗೆ ಅಯಾಲನೆ ಬಂದು ಬೇಲಿಯಾಚೆ ನಿಂತಿದ್ದ. ಒಳಗೆ ಬರಲಿಲ್ಲ. ಶಿತಾಯೆ ಬಾಗಿಲಿಗೆ ಬಂದಳು.

"ಟಗರು ಇದೆ ಅತ್ತಿಗೆ," ಎಂದ ಅವನು. "ಹಾಳಾದ್ದು, ಇವತ್ತು ನಿನ್ನೆಗಿಂತ ಅಸಹ್ಯವಾಗಿದೆ."

ಅವಳು ಚೌಕಟ್ಟಿಗೆ ಒರಗಿ ಒಂದು ದೊಡ್ಡ ಉಸಿರು ಬಿಟ್ಟಳು.

"ನಮ್ ಕಪ್ಪೇನೂ ಅಷ್ಟೇ ಕಣಪ್ಪ," ಎಂದಳು.